ಗೋಕರ್ಣದಿಂದ ಧಾರೇಶ್ವರ: ಪಂಚಕ್ಷೇತ್ರ ನಡಿಗೆಯ ಒಂದು ಉದ್ದದ ದಿನ

ಕಾರವಾರದ ಶೆಜ್ಜೇಶ್ವರದಿಂದ ಮುರುಡೇಶ್ವರದವರೆಗೆ ನಡೆದು ಪಂಚಕ್ಷೇತ್ರ ಮುಗಿಸಿ ಮೊನ್ನೆ ಶಿರಸಿಗೆ ವಾಪಸ್ ಬಂದೆವು, ನಾನು ಮತ್ತು ನನ್ನ ಗೆಳತಿ. ಬಂದ ಮೇಲೆ ಫೋನ್ ಮೇಲೆ ಫೋನ್. ಎಲ್ಲರದ್ದೂ ಅದೇ ಪ್ರಶ್ನೆ. ಹೊಳೆ ಹೇಗೆ ದಾಟಿದ್ರಿ? ರಾತ್ರಿ ಎಲ್ಲಿ ಉಳಿದ್ರಿ? ಹೆಂಗಸರಿಬ್ಬರೇ ಹೋದ್ರಲ್ಲ, ಹೆದರಿಕೆ ಆಗಲಿಲ್ವಾ? ಎಲ್ಲ ದಿನಗಳನ್ನೂ ಬರೆಯುವ ತಾಳ್ಮೆ ನನಗಿಲ್ಲ, ಓದುವ ತಾಳ್ಮೆ ನಿಮಗೂ ಇರಲಿಕ್ಕಿಲ್ಲ. ಗೋಕರ್ಣದಿಂದ ಧಾರೇಶ್ವರದ ದಿನವನ್ನು ಮಾತ್ರ ಬರೆಯುತ್ತೇನೆ. ಗುಡ್ಡ, ಮರಳು, ಹೊಳೆ, ಹೆದ್ದಾರಿ, ಮುಚ್ಚಿದ ಬಾಗಿಲು ಎಲ್ಲವೂ ಸಿಕ್ಕಿದ್ದು ಆ ಒಂದೇ ದಿನದಲ್ಲಿ.

ಪಂಚಕ್ಷೇತ್ರದ ಕತೆ ನಿಮಗೆ ಗೊತ್ತಿರುವುದೇ. ರಾವಣ ಆತ್ಮಲಿಂಗ ತರುತ್ತಿದ್ದ. ಗಣಪತಿ ವಟುವಿನ ವೇಷದಲ್ಲಿ ಬಂದು ಅದನ್ನು ಗೋಕರ್ಣದಲ್ಲಿ ನೆಲಕ್ಕೆ ಇಟ್ಟುಬಿಟ್ಟ. ರಾವಣ ಕೀಳಲು ನೋಡಿದ, ಬರಲಿಲ್ಲ. ಸಿಟ್ಟಿನಲ್ಲಿ ಲಿಂಗದ ಸಂಪುಟವನ್ನೂ ಮುಚ್ಚಳವನ್ನೂ ದಾರವನ್ನೂ ಬಟ್ಟೆಯನ್ನೂ ದಿಕ್ಕಿಗೊಂದರಂತೆ ಎಸೆದ. ಸಂಪುಟ ಬಿದ್ದಲ್ಲಿ ಶೆಜ್ಜೇಶ್ವರ, ಮುಚ್ಚಳ ಬಿದ್ದಲ್ಲಿ ಗುಣವಂತೇಶ್ವರ, ದಾರ ಬಿದ್ದಲ್ಲಿ ಧಾರೇಶ್ವರ, ಬಟ್ಟೆ ಬಿದ್ದಲ್ಲಿ ಮುರುಡೇಶ್ವರ. ಹೆಚ್ಚಿನವರು ಕಾರು ಮಾಡಿಕೊಂಡು ಐದನ್ನೂ ಒಂದೇ ದಿನದಲ್ಲಿ ಮುಗಿಸುತ್ತಾರೆ. ನಡೆಯುವವರು ಕಡಿಮೆ. ಹಾಗಾಗಿ ದಾರಿ ತೋರಿಸುವ ಫಲಕವಿಲ್ಲ, ನಡೆಯುವವರಿಗೆಂದೇ ಛತ್ರವಿಲ್ಲ, ಕೇಳೋಣ ಅಂದರೆ ಮುಂಚೆ ನಡೆದವರು ಸಿಗುವುದಿಲ್ಲ. ನಾನು ಇದನ್ನು ಬರೆಯುತ್ತಿರುವುದು ಅದಕ್ಕೇ.

ಗೋಕರ್ಣದ ದರ್ಶನವನ್ನು ಹಿಂದಿನ ಸಂಜೆಯೇ ಮುಗಿಸಿಕೊಂಡಿದ್ದೆವು. ಮೊದಲು ಸಮುದ್ರಸ್ನಾನ, ಆಮೇಲೆ ಕೋಟಿತೀರ್ಥ, ಆಮೇಲೆ ಮಹಾಗಣಪತಿ, ಕೊನೆಗೆ ಮಹಾಬಲೇಶ್ವರ. ಶಿವರಾತ್ರಿಯ ಗದ್ದಲ ಕಳೆದಿದ್ದರೂ ಸಾಲು ಉದ್ದವೇ ಇತ್ತು. ಬೆಳಿಗ್ಗೆ ದರ್ಶನ ಮಾಡಿ ಆಮೇಲೆ ಹೊರಡೋಣ ಅಂತ ಯೋಚಿಸಿದರೆ ಆ ದಿನ ಧಾರೇಶ್ವರ ಮುಟ್ಟುವ ಆಸೆ ಬಿಡಬೇಕು. ಗುಡಿ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೇ.

ಗೋಕರ್ಣದಲ್ಲಿ ರೂಮು ಹಿಡಿಯುವಾಗ ಮೊದಲ ಕಿರಿಕಿರಿ. ಒಂದು ಕಡೆ ಇಬ್ಬರದ್ದೂ ಮೂಲ ಆಧಾರ್ ಕಾರ್ಡೇ ಬೇಕು ಅಂದರು. ಗೆಳತಿಯ ಹತ್ತಿರ ಇದ್ದದ್ದು ಝೆರಾಕ್ಸ್. ಫೋನಿನ ಡಿಜಿಲಾಕರ್‌ನಲ್ಲಿ ತೋರಿಸಿದಳು. ಕೌಂಟರಿನ ಹುಡುಗನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವನು ಯಜಮಾನರಿಗೆ ಫೋನ್ ಮಾಡಿ, ಅವರು ಎತ್ತದೆ, ಮತ್ತೆ ಮಾಡಿ, ಅಂತೂ ಬೀಗದ ಕೈ ನಮ್ಮ ಕೈಗೆ ಬರುವಾಗ ಮುಕ್ಕಾಲು ಗಂಟೆ. ಮೂಲ ಕಾರ್ಡು ಇಟ್ಟುಕೊಳ್ಳಿ, ಜೊತೆಗೆ ನಾಲ್ಕು ಝೆರಾಕ್ಸೂ ಇರಲಿ. ಕೆಲವರು ಕಾರ್ಡು ನೋಡಿ ಬಿಡುತ್ತಾರೆ, ಕೆಲವರು ಪ್ರತಿ ಕೇಳುತ್ತಾರೆ. ರಾತ್ರಿ ಎಂಟರ ಮೇಲೆ ಝೆರಾಕ್ಸ್ ಅಂಗಡಿ ಹುಡುಕುವ ಕೆಲಸ ಯಾರಿಗೂ ಬೇಡ.

ಬೆಳಿಗ್ಗೆ ಐದೂವರೆಗೆ ಹೊರಟೆವು. ತದಡಿಗೆ ಎರಡು ದಾರಿ. ಒಂದು ಸುತ್ತು ಬಳಸಿ ಹೋಗುವ ರಸ್ತೆ. ಇನ್ನೊಂದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ ಬೀಚುಗಳ ಮೇಲಿಂದ ಹೋಗುವ ಕಾಲುದಾರಿ. ನಾವು ಎರಡನೆಯದನ್ನು ಹಿಡಿದೆವು, ಆದರೆ ಕುಡ್ಲೆ ಕಡೆಯ ಗುಡ್ಡ ಹತ್ತಲಿಲ್ಲ. ಕತ್ತಲೆಯಲ್ಲಿ ಆ ಚೀರೆಕಲ್ಲಿನ ಗುಡ್ಡ ಬೇಡ. ಓಂ ಬೀಚಿನವರೆಗೆ ಡಾಂಬರು ರಸ್ತೆ ಇದೆ. ಟಾರ್ಚ್ ಹಿಡಿದು ಅದರಲ್ಲೇ ನಡೆದೆವು. ಬೀಚಿಗೆ ಇಳಿಯುವ ಹೊತ್ತಿಗೆ ಬೆಳಕು ಹರಿದಿತ್ತು.

ಓಂ ಬೀಚಿನಿಂದ ಬೇಲೆಕಾನದವರೆಗಿನ ತುಂಡು ಈ ನಡಿಗೆಯಲ್ಲೇ ಚಂದದ್ದು. ಅಷ್ಟೇ ಕಷ್ಟದ್ದೂ ಹೌದು. ಗುಡ್ಡದ ಅಂಚಿನಲ್ಲಿ ಕಿರಿದಾದ ದಾರಿ, ಕೆಳಗೆ ಬಂಡೆಗೆ ಹೊಡೆಯುವ ನೀರು. ಹಾಫ್ ಮೂನ್ ದಾಟಿದ ಮೇಲೆ ಪ್ಯಾರಡೈಸ್‌ವರೆಗೆ ಬಂಡೆ ಹತ್ತಿ ಇಳಿಯಬೇಕು, ಕೈಯೂ ಬೇಕಾಗುತ್ತದೆ. ಬೆನ್ನಿನ ಚೀಲ ಅಲ್ಲಿ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಎದುರಿಗೆ ಬಂದ ಟ್ರೆಕ್ಕಿಂಗ್ ಹುಡುಗರು ನಮ್ಮ ಚೂಡಿದಾರ, ಹಣೆಯ ವಿಭೂತಿ ನೋಡಿ ಸ್ವಲ್ಪ ಗಲಿಬಿಲಿಗೊಂಡರು. ಒಬ್ಬ, "ಆಂಟಿ, ನೀವು ದಾರಿ ತಪ್ಪಿದ್ದೀರಾ?" ಅಂತ ಕೇಳಿಯೇಬಿಟ್ಟ. ಗೆಳತಿ ಮೂವತ್ತು ವರ್ಷ ಪಾಠ ಮಾಡಿದವಳು. "ಇಲ್ಲಪ್ಪ, ನೀವು ತಪ್ಪಿದ್ದೀರಿ. ದೇವಸ್ಥಾನ ಆ ಕಡೆ" ಅಂದಳು.

ಮಳೆಗಾಲದಲ್ಲಿ ಈ ಬಂಡೆಯ ದಾರಿಯ ಯೋಚನೆಯನ್ನೇ ಮಾಡಬೇಡಿ. ಮೊಣಕಾಲು ನೋವಿದ್ದವರು ಯಾವ ಕಾಲದಲ್ಲೂ ರಸ್ತೆಯಲ್ಲೇ ಹೋಗಿ. ಪುಣ್ಯ ಎರಡಕ್ಕೂ ಒಂದೇ ಅಂತ ನನ್ನ ನಂಬಿಕೆ.

ತದಡಿ ಧಕ್ಕೆಗೆ ಬಂದಾಗ ಒಂಬತ್ತು ದಾಟಿತ್ತು. ಮೀನು ದೋಣಿಗಳು ಬಂದು ನಿಂತಿದ್ದವು, ಮಂಜುಗಡ್ಡೆ ಒಡೆಯುತ್ತಿದ್ದರು. ದಾಟಿಸುವ ದೋಣಿ ಮಾತ್ರ ಆಚೆ ದಡದಲ್ಲಿತ್ತು. ಕಣ್ಣಿಗೆ ಕಾಣುತ್ತದೆ, ಬರುವುದಿಲ್ಲ. ಕೇಳಿದರೆ, "ಬರ್ತದೆ ಅಕ್ಕೋರೆ, ಆಚೆ ಜನ ಆಗ್ಬೇಕಲ್ಲ" ಅಂದರು. ನಮ್ಮ ಜಿಲ್ಲೆಯಲ್ಲಿ ಅಕ್ಕೋರು ಅಂದರೆ ಟೀಚರು. ಗೆಳತಿಯ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು.

ಮುಕ್ಕಾಲು ಗಂಟೆ ಕೂತೆವು. ಬೆಳಗಿನ ತಂಪು ಹೊತ್ತು ಕಣ್ಣೆದುರೇ ಕರಗುತ್ತಿತ್ತು. ನಾನು ಎದ್ದು ಅತ್ತ ಇತ್ತ ತಿರುಗಿದೆ, ಗೆಳತಿ ಅವಲಕ್ಕಿ ಡಬ್ಬಿ ತೆಗೆದಳು. ಮನೆಯಿಂದ ತಂದ ತೊಡದೇವು, ಹಾಳೆಯಷ್ಟು ತೆಳ್ಳಗಿನ ಸಿಹಿ ತಿಂಡಿ, ಚೀಲದಲ್ಲಿ ಪುಡಿಪುಡಿಯಾಗಿತ್ತು. ಅದನ್ನು ಅವಲಕ್ಕಿಗೆ ಉದುರಿಸಿಕೊಂಡು ತಿಂದೆವು. ರುಚಿಯಾಗಿಯೇ ಇತ್ತು.

ಇಲ್ಲಿ ಒಂದು ಮಾತು. ಈ ನಡಿಗೆಗೆ ಹೊರಡುವವರು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಸುಮ್ನೆ ಹಾಕಬೇಡಿ. ಆ ದಿನದ ಒಟ್ಟು ದೂರ ಮೂವತ್ತರ ಹತ್ತಿರ ಇರಬಹುದು, ಆದರೆ ನಮ್ಮನ್ನು ಸುಸ್ತು ಮಾಡಿದ್ದು ಅದಲ್ಲ. ದೋಣಿ ಯಾವಾಗ ಬಿಡುತ್ತದೆ, ಬಿಸಿಲು ಯಾವಾಗ ಏರುತ್ತದೆ, ಗುಡಿಯ ಬಾಗಿಲು ಯಾವಾಗ ತೆರೆಯುತ್ತದೆ, ಈ ಮೂರು ಸೇರಿ ದಿನವನ್ನು ನಡೆಸುತ್ತವೆ. ನಾವು ಅವುಗಳ ನಡುವೆ ಸಿಕ್ಕಿದಷ್ಟು ನಡೆಯಬೇಕು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಧಕ್ಕೆಯ ಮೇಲೆ ಅಷ್ಟು ಚಡಪಡಿಸುತ್ತಿರಲಿಲ್ಲ.

ದೋಣಿ ಬಂತು. ಬೈಕುಗಳು ಹತ್ತಿದವು, ಮೀನಿನ ಬುಟ್ಟಿಗಳು ಹತ್ತಿದವು, ನಾವೂ ಹತ್ತಿದೆವು. ಚಿಲ್ಲರೆ ಕೈಯಲ್ಲಿರಲಿ. ಫೋನಿನಲ್ಲಿ ಹಣ ಕಳಿಸುತ್ತೇನೆ ಅಂತ ಹೊರಟರೆ ಹೊಳೆ ನಡುವೆ ಸಿಗ್ನಲ್ ಕೈಕೊಡುತ್ತದೆ.

ಅಘನಾಶಿನಿ ಹೊಳೆಯ ಮೇಲೆ ಕೂತಾಗ ನನಗೆ ಯಾಕೋ ಗಂಟಲು ಕಟ್ಟಿತು. ಈ ಹೊಳೆ ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ದಿನಾ ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಹಾದು ಹೋಗಿ ನೌಕರಿ ಮಾಡಿದವಳು ನಾನು. ಅಲ್ಲಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ನಡುವೆ ಒಂದೂ ಅಣೆಕಟ್ಟು ಇಲ್ಲದೆ ಇಲ್ಲಿಯವರೆಗೆ ಬಂದಿದೆ. ಇಲ್ಲಿ ನೋಡಿದರೆ ಆಚೆ ದಡ ಮಸುಕಾಗಿ ಕಾಣುವಷ್ಟು ಅಗಲ. ಇಳಿತದ ಹೊತ್ತು. ನೀರು ಇಳಿದ ಕೆಸರಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಅವರ ದುಡಿಮೆ ನೋಡಿದ ಮೇಲೆ ನಾವು ಮಾಡುತ್ತಿರುವುದು ಕಷ್ಟ ಅಂತ ಹೇಳಿಕೊಳ್ಳಲು ನಾಚಿಕೆಯಾಯಿತು. ಗೆಳತಿಗೂ ಹಾಗೇ ಅನಿಸಿರಬೇಕು, ಅಲ್ಲಿಯವರೆಗೆ ಕಾಲು ನೋವಿನ ಸುದ್ದಿ ಹೇಳುತ್ತಿದ್ದವಳು ಸುಮ್ಮನಾದಳು.

ಕಾಲಿನ ವಿಷಯ ಹೇಳಲೇಬೇಕು. ಅವಳ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಕಾರಣ ದೂರ ಅಲ್ಲ, ಮರಳು. ಬೀಚಿನಲ್ಲಿ ಕಾಲುಚೀಲದೊಳಗೆ ಹೊಕ್ಕ ಮರಳು ಚರ್ಮವನ್ನು ಉಜ್ಜುತ್ತಲೇ ಇರುತ್ತದೆ. ಸಮುದ್ರದ ನೀರು ತಾಗಿದರೆ ಉರಿ ಬೇರೆ. ನನ್ನದು ಪಟ್ಟಿ ಇರುವ ಸ್ಯಾಂಡಲ್, ಅದರಲ್ಲಿ ಮರಳು ಬಂದ ಹಾಗೇ ಹೋಗುತ್ತಿತ್ತು. ಬೀಚಿನ ದಾರಿಗೆ ಸ್ಯಾಂಡಲ್, ಡಾಂಬರಿಗೆ ಶೂ, ಎರಡೂ ಇದ್ದರೆ ಒಳ್ಳೆಯದು. ಬೆಳಿಗ್ಗೆ ಹೊರಡುವಾಗ ಬೆರಳುಗಳ ಸಂದಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ನೀರು ತಾಗಿ ಗಟ್ಟಿಯಾದ ಮರಳಿನ ಮೇಲೆ ನಡೆಯಿರಿ, ಮೇಲಿನ ಸಡಿಲ ಮರಳಿನಲ್ಲಿ ಒಂದು ಹೆಜ್ಜೆಗೆ ಎರಡು ಹೆಜ್ಜೆಯ ಶ್ರಮ.

ಅಘನಾಶಿನಿ ಊರಿನಲ್ಲಿ ಇಳಿದಾಗ ಹತ್ತೂಕಾಲು. ಇಲ್ಲಿಂದ ಕುಮಟೆಗೆ ಬೀಚುಗಳ ಮೇಲೂ ಹೋಗಬಹುದು, ಆದರೆ ಅವಳ ಕಾಲು ನೋಡಿ ರಸ್ತೆ ಹಿಡಿದೆವು. ಕಾಗಾಲ, ಬಾಡ, ಹೊಲನಗದ್ದೆ ಕಡೆಯಿಂದ ಕುಮಟೆ. ತೆಂಗಿನ ತೋಟ, ಗದ್ದೆ, ಅಲ್ಲಲ್ಲಿ ನೆರಳು. ಹನ್ನೊಂದೂವರೆಗೆ ನೆರಳು ಕಾಲಡಿಗೆ ಸೇರಿತು. ಕರಾವಳಿಯ ಬಿಸಿಲು ಘಟ್ಟದ ಮೇಲಿನವರಿಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಮರದಡಿ ಹೋದರೆ ತಂಪು. ಇಲ್ಲಿ ಮರದಡಿಯೂ ಬೆವರು ನಿಲ್ಲುವುದಿಲ್ಲ. ನೀರು ಕುಡಿದಷ್ಟೂ ಸಾಲದು.

ಬಾಡದಲ್ಲಿ ಕಾಂಚಿಕಾಂಬೆಗೆ ಕೈ ಮುಗಿದು ಸ್ವಲ್ಪ ಮುಂದೆ ಬಂದಾಗ ಗೆಳತಿ ನಿಂತೇಬಿಟ್ಟಳು. "ನನ್ನತ್ರ ಆಗ್ತಿಲ್ಲೆ ಮಾರಾಯ್ತಿ" ಅಂದಳು. ರಸ್ತೆ ಬದಿಯ ಮನೆಯ ಜಗುಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನೀರು ಕೇಳಿದೆವು. ನೀರಿನ ಜೊತೆ ಬೆಲ್ಲವೂ ಬಂತು.

"ಎಲ್ಲಿಂದ ಬಂದ್ರಿ?"

"ಗೋಕರ್ಣದಿಂದ, ಅಜ್ಜಿ. ನಡೆದುಕೊಂಡು."

"ನಡ್ಕಂಡೇ? ಯಾಕೆ, ಬಸ್ಸಿಲ್ವಾ?"

ಹರಕೆ ಅಂತ ಹೇಳಿದ ಮೇಲೆ ಅವರ ದನಿ ಬದಲಾಯಿತು. ಸೊಸೆಯನ್ನು ಕರೆದು ಚಾಪೆ ಹಾಸಿಸಿದರು. ಬಚ್ಚಲು ತೋರಿಸಿದರು. ಈ ಬಚ್ಚಲಿನ ವಿಷಯ ಗಂಡಸರು ಬರೆಯುವ ನಡಿಗೆಯ ಕತೆಗಳಲ್ಲಿ ಬರುವುದೇ ಇಲ್ಲ, ಅಲ್ವಾ? ತದಡಿಯಿಂದ ಕುಮಟೆಯವರೆಗೆ ಹೆಂಗಸರಿಗೆ ಇದೇ ದೊಡ್ಡ ಚಿಂತೆ. ಎಷ್ಟೋ ಜನ ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆ ಬಿಸಿಲಿನಲ್ಲಿ ಅದು ಅಪಾಯ. ಮನೆಗಳಲ್ಲಿ ಕೇಳಿ, ಸಂಕೋಚ ಬೇಡ. ಶೆಜ್ಜೇಶ್ವರದಿಂದ ಮುರುಡೇಶ್ವರದವರೆಗೆ ಒಂದು ಮನೆಯಲ್ಲೂ ನಮಗೆ ಇಲ್ಲ ಅನ್ನಲಿಲ್ಲ.

ಮೂರು ಗಂಟೆಯವರೆಗೆ ಆ ಜಗುಲಿಯಲ್ಲೇ ಮಲಗಿದ್ದೆವು. ಊಟಕ್ಕೆ ಏಳಿ ಅಂದರು, ಗಂಜಿ ಮತ್ತು ಮಾವಿನಮಿಡಿ ಉಪ್ಪಿನಕಾಯಿ ಕೊಟ್ಟರು. ಹಣ ಮುಟ್ಟಲಿಲ್ಲ. ಮುರುಡೇಶ್ವರದಲ್ಲಿ ತಮ್ಮ ಮೊಮ್ಮಗಳ ಹೆಸರಿನಲ್ಲಿ ಒಂದು ಕಾಯಿ ಒಡೆಸಲು ಹೇಳಿದರು. ಒಡೆಸಿದ್ದೇವೆ.

ಹೊಲನಗದ್ದೆ ದಾಟಿ ಕುಮಟೆಗೆ ಬರುವಾಗ ನಾಲ್ಕೂವರೆ. ಗಿಬ್ ಸರ್ಕಲ್ ಹತ್ತಿರ ಮೆಡಿಕಲ್ ಶಾಪಿನಲ್ಲಿ ಹತ್ತಿ, ಪ್ಲಾಸ್ಟರು, ಮುಲಾಮು. ಪಕ್ಕದ ಹೋಟೆಲಿನಲ್ಲಿ ಎರಡು ಲೋಟ ಕೋಕಂ ಶರಬತ್ತು. ನಮ್ಮಲ್ಲಿ ಮುರುಗಲು ಅನ್ನುತ್ತೇವಲ್ಲ, ಅದೇ. ಗುಳ್ಳೆ ಒಡೆಯಬೇಡಿ ಅಂತ ಅಂಗಡಿಯವರು ಹೇಳಿದರು. ಅದು ಆಗಲೇ ಒಡೆದಿತ್ತು. ತೊಳೆದು, ಒಣಗಿಸಿ, ಹತ್ತಿ ಇಟ್ಟು ಸುತ್ತಿದೆವು. ಬಸ್ ಸ್ಟ್ಯಾಂಡು ಎದುರಿಗೇ ಇದ್ದ ಹಾಗೆ ಇತ್ತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟೂ ಇಲ್ಲ. ಶಕ್ತಿ ಯೋಜನೆಯ ಬಸ್ಸುಗಳು ಪಕ್ಕದಲ್ಲೇ ಹಾರನ್ ಹೊಡೆದು ಹೋಗುತ್ತಿರುವಾಗ ಕುಂಟುತ್ತಾ ನಡೆಯುವುದಕ್ಕೆ ಭಕ್ತಿ ಎಷ್ಟು ಬೇಕೋ ಹಟವೂ ಅಷ್ಟೇ ಬೇಕು. "ಹತ್ತಿಬಿಡೋಣ್ವಾ?" ಅಂತ ನಾನೇ ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ಚೀಲ ಬೆನ್ನಿಗೇರಿಸಿದಳು.

ಕುಮಟೆಯಿಂದ ಧಾರೇಶ್ವರ ಪೂರ್ತಿ ಹೆದ್ದಾರಿ 66. ಈ ತುಂಡಿನ ಬಗ್ಗೆ ಹೊಗಳಲು ಏನೂ ಇಲ್ಲ. ಲಾರಿ ಗಾಳಿಗೆ ಸೆರಗು, ದುಪಟ್ಟ ಹಾರುತ್ತದೆ, ಗಟ್ಟಿ ಕಟ್ಟಿಕೊಳ್ಳಿ. ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ವಾಹನ ಕಾಣುವ ಹಾಗೆ ನಡೆಯಿರಿ. ಕತ್ತಲಾದರೆ ಟಾರ್ಚ್ ಹಚ್ಚಿಯೇ ಇರಲಿ. ಮೈಮೇಲೆ ಬಿಳಿ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು.

ಒಂದೇ ಸಮಾಧಾನ ಈರುಳ್ಳಿ. ಹಂದಿಗೋಣದ ಹತ್ತಿರ ರಸ್ತೆ ಬದಿಯಲ್ಲಿ ಕುಮಟೆಯ ಸಿಹಿ ಈರುಳ್ಳಿಯನ್ನು ಜಡೆ ಹಾಗೆ ಹೆಣೆದು ಸಾಲಾಗಿ ತೂಗುಹಾಕಿರುತ್ತಾರೆ. ಬೇಸಿಗೆಯಲ್ಲಿ ಈ ದಾರಿಯಲ್ಲಿ ಹೋದವರು ಒಂದು ಗೊಂಚಲಾದರೂ ಕಟ್ಟಿಸಿಕೊಳ್ಳದೆ ಹೋಗುವುದಿಲ್ಲ. ಆದರೆ ಅವರು ಕಾರಿನಲ್ಲಿ ಹೋಗುವವರು. ನನ್ನ ಗೆಳತಿ, ಹಿಮ್ಮಡಿ ಸುಲಿದವಳು, ಬೆನ್ನಿನ ಮೇಲೆ ಆರು ಕೆಜಿ ಹೊತ್ತವಳು, ಒಂದು ಗೊಂಚಲು ಚೌಕಾಶಿ ಮಾಡಿ ಕೊಂಡಳು. "ಮುರುಡೇಶ್ವರದಿಂದ ಬರುವಾಗ ಬಸ್ಸಿನಿಂದ ಇಳಿದು ತಗೊಂಡ್ರೆ ಆಗ್ತಿತ್ತಲ್ಲೇ" ಅಂದೆ. "ಆಗ ಈ ಗಾತ್ರದ್ದು ಸಿಗ್ತೇನೆ?" ಅಂದಳು. ಅದನ್ನು ಚೀಲಕ್ಕೆ ನೇತು ಹಾಕಿಕೊಂಡು ಅವಳು ಮುಂದೆ, ನಗುತ್ತಾ ನಾನು ಹಿಂದೆ. ಆ ನಗೆಯಲ್ಲಿ ಎರಡು ಕಿಲೋಮೀಟರ್ ಕಳೆಯಿತು.

ಧಾರೇಶ್ವರ ಮುಟ್ಟಿದಾಗ ಏಳು. ಕತ್ತಲಾಗಿತ್ತು. ಧಾರಾನಾಥನ ಗುಡಿಯ ಬಾಗಿಲು ತೆರೆದಿತ್ತು. ಬಿಸಿಲಲ್ಲಿ ಓಡೋಡಿ ಮಧ್ಯಾಹ್ನ ಎರಡಕ್ಕೆ ಬಂದಿದ್ದರೂ ಹೊರಗೆ ಕೂರಬೇಕಿತ್ತು, ಹಾಗಾಗಿ ಬಾಡದ ಜಗುಲಿಯಲ್ಲಿ ಕಳೆದ ಮೂರು ತಾಸು ದಂಡ ಅಲ್ಲ. ಈರುಳ್ಳಿಯನ್ನು ಒಳಗೆ ಒಯ್ಯುವ ಹಾಗಿಲ್ಲ, ಚಪ್ಪಲಿಯ ಪಕ್ಕ ಇಡಲು ಅವಳಿಗೆ ಮನಸ್ಸಿಲ್ಲ. ಹೂವಿನ ಅಂಗಡಿಯವರ ಹತ್ತಿರ ಬಿಟ್ಟು ಒಳಗೆ ಹೋದೆವು.

ಮಂಗಳಾರತಿ ಆಗುವಾಗ ಅವಳು ಅಳುತ್ತಿದ್ದಳು. ಹೋದ ವರ್ಷ ಅವಳ ಮನೆಯಲ್ಲಿ ನಡೆದದ್ದು ನನಗೆ ಗೊತ್ತು, ಹರಕೆ ಯಾಕೆ ಅಂತಲೂ ಗೊತ್ತು. ಅದು ಇಲ್ಲಿ ಬರೆಯುವ ವಿಷಯ ಅಲ್ಲ. ನನಗೆ ಅಂಥ ದೊಡ್ಡ ಭಕ್ತಿ ಇಲ್ಲ, ಅವಳ ಜೊತೆಗೆ ಬಂದವಳು ನಾನು. ಆದರೂ ಬರಿಗಾಲಿಗೆ ಆ ತಣ್ಣನೆ ಕಲ್ಲು ತಾಗಿದಾಗ ಇಡೀ ದಿನದ ಬಿಸಿಲು ಇಳಿದ ಹಾಗಾಯಿತು.

ಉಳಿಯುವ ವ್ಯವಸ್ಥೆ ನಮಗೆ ಅಲ್ಲಿ ಆಗಲಿಲ್ಲ. ಕುಮಟೆಗೇ ವಾಪಸ್ ಹೋಗಬೇಕಾಯಿತು. ಹೆದ್ದಾರಿಯಲ್ಲಿ ನಿಂತು ಟೆಂಪೋ ಹಿಡಿದೆವು. ದಿನವಿಡೀ ನಡೆದ ದಾರಿ ಹಿಂದೆ ಓಡುವುದನ್ನು ನೋಡುವಾಗ ಹೊಟ್ಟೆ ಉರಿಯಿತು. ಕುಮಟೆಯಲ್ಲಿ ಮೊದಲು ಹೋದ ಲಾಡ್ಜಿನವರು ಕಾರ್ಡು ನೋಡುವ ಮುಂಚೆಯೇ, "ಜೊತೆಗೆ ಗಂಡಸರು ಯಾರೂ ಇಲ್ವಾ?" ಅಂದರು. ಇಲ್ಲ ಅಂದೆವು. ರೂಮು ಇಲ್ಲ ಅಂದರು. ಹಿಂದಿನ ಗೋಡೆಗೆ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು. ಐವತ್ತು ದಾಟಿದ ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಈರುಳ್ಳಿ ಗೊಂಚಲು. ನಮ್ಮಿಂದ ಅವರಿಗೆ ಯಾವ ಗಂಡಾಂತರ ಕಾಣಿಸಿತೋ! ಎರಡನೆಯ ಕಡೆ ಏನೂ ಕೇಳದೆ ಕೊಟ್ಟರು, ಬಿಸಿನೀರನ್ನೂ ಕೊಟ್ಟರು. ಹೆಂಗಸರೇ ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ, ಇಬ್ಬರೂ ಹೆಂಗಸರೇ ಅಂತ ಸ್ಪಷ್ಟವಾಗಿ ಹೇಳಿ ರೂಮು ಗಟ್ಟಿ ಮಾಡಿಕೊಳ್ಳಿ. ರಾತ್ರಿ ಎಂಟೂವರೆಗೆ ಬೀದಿಯಲ್ಲಿ ನಿಂತು ಕೇಳುವಾಗ ದಿನದ ಎಲ್ಲ ಸುಸ್ತೂ ಒಟ್ಟಿಗೇ ಏರುತ್ತದೆ.

ಖರ್ಚು ಕೇಳುವವರಿಗೆ: ಆ ದಿನ ರೂಮು ಬಿಟ್ಟರೆ ಜಾಸ್ತಿ ಏನೂ ಇಲ್ಲ. ದೋಣಿ, ಎಳನೀರು, ಶರಬತ್ತು, ಔಷಧಿ, ಟೆಂಪೋ, ರಾತ್ರಿಯ ಊಟ ಎಲ್ಲ ಸೇರಿ ಇಬ್ಬರಿಗೆ ಐನೂರರ ಒಳಗೇ ಮುಗಿಯಿತು. ಈರುಳ್ಳಿಯ ಹಣ ಅವಳ ಸ್ವಂತ ಖಾತೆ.

ಮಾರನೇ ದಿನ ಬೆಳಿಗ್ಗೆ ಹೊನ್ನಾವರದ ಕಡೆಯ ಬಸ್ಸು ಹತ್ತಿ ಧಾರೇಶ್ವರದಲ್ಲಿ ಇಳಿದೆವು. ಉಚಿತ ಟಿಕೆಟ್‌ಗೆ ಕಂಡಕ್ಟರು ಗುರುತಿನ ಚೀಟಿ ಕೇಳುತ್ತಾರೆ, ಚೀಲದ ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಿ. ಬಸ್ಸು ಇಳಿದಲ್ಲಿಂದಲೇ ಹೊರಡೋಣ ಅಂದೆ. ಆಗಲ್ಲ, ನಿನ್ನೆ ಎಲ್ಲಿ ನಿಲ್ಲಿಸಿದ್ದೇವೋ ಅಲ್ಲಿಂದಲೇ ಶುರುವಾಗಬೇಕು ಅಂದಳು ಗೆಳತಿ. ಅವಳು ಗುಡಿಯ ಬಾಗಿಲಿಗೆ ಹೋಗಿ ಬಂದಳು. ಅಷ್ಟರಲ್ಲಿ ನಾನು ಹೆದ್ದಾರಿ ಬದಿಯ ಅಂಗಡಿಯಲ್ಲಿ ಚಾ ಕುಡಿದೆ. ಹಳದೀಪುರ ದಾಟಿ ಶರಾವತಿ ಸೇತುವೆಗೆ ಬರುವಾಗ ಹತ್ತು ಗಂಟೆಯೊಳಗಿತ್ತು. ಗುಣವಂತೆಯ ದಿನ ಇದರ ಅರ್ಧದಷ್ಟೂ ಕಷ್ಟ ಕೊಡಲಿಲ್ಲ.